ಕುಗ್ಗಿಸಿದ ಮಾದರಿಯಲ್ಲಿ ಕನ್ನಡ ಎಷ್ಟು ಉಳಿದೀತು?

ಭಾಷಾ ಮಾದರಿ ಎಂಬುದು ಕಡೆಗೂ ಒಂದು ಫೈಲು. ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದು, ಹೆಸರು ಬದಲಿಸಬಹುದು, ಬೇಡವಾದರೆ ಅಳಿಸಬಹುದು. ಅದನ್ನು ತೆರೆದು ನೋಡಿದರೆ ವಾಕ್ಯಗಳು ಸಿಗುವುದಿಲ್ಲ, ವ್ಯಾಕರಣ ಸೂತ್ರಗಳೂ ಸಿಗುವುದಿಲ್ಲ. ಟೋಕನ್‌ಗಳ, ಅಂದರೆ ಪದಗಳ ಅಥವಾ ಪದತುಣುಕುಗಳ, ಒಂದು ಪಟ್ಟಿಯನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ದಶಮಾಂಶ ಸಂಖ್ಯೆಗಳು, ಕೋಟಿಗಟ್ಟಲೆ. ಈ ಸಂಖ್ಯೆಗಳಿಗೆ ತೂಕಗಳು ಎಂದು ಹೆಸರು. ನೀವು ಟೈಪ್ ಮಾಡಿದ ಪ್ರಶ್ನೆ ಈ ತೂಕಗಳ ಜೊತೆ ಗುಣಾಕಾರ, ಸಂಕಲನಗಳಿಗೆ ಒಳಗಾಗಿ, ಮುಂದೆ ಯಾವ ಟೋಕನ್ ಬಂದೀತು ಎಂಬ ಅಂದಾಜಾಗಿ ಹೊರಬರುತ್ತದೆ. ಅದೇ ಉತ್ತರದ ಮೊದಲ ತುಣುಕು. ಎರಡನೆಯ ತುಣುಕಿಗೆ ಎಲ್ಲ ತೂಕಗಳ ಜೊತೆ ಮತ್ತೊಂದು ಸುತ್ತಿನ ಲೆಕ್ಕ.

ಈ ಫೈಲು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಓಡುವುದೇ ಎಂಬ ಪ್ರಶ್ನೆಗೆ 2023ರ ಆರಂಭದ ತನಕ ಬಹುಪಾಲು ಜನರ ಉತ್ತರ ಇಲ್ಲ ಎಂದೇ ಇತ್ತು. ಆ ವರ್ಷದ ಫೆಬ್ರವರಿಯಲ್ಲಿ ಮೆಟಾ ಸಂಸ್ಥೆ ಲಾಮಾ ಎಂಬ ಮಾದರಿಗಳನ್ನು ಸಂಶೋಧಕರಿಗೆಂದು ಬಿಡುಗಡೆ ಮಾಡಿತು; ಕೆಲವೇ ದಿನಗಳಲ್ಲಿ ಅವು ಟೊರೆಂಟ್ ಮೂಲಕ ಎಲ್ಲರ ಕೈಗೂ ಸಿಕ್ಕವು. ಅವುಗಳಲ್ಲಿ ಅತಿ ಚಿಕ್ಕದರಲ್ಲೇ ಸುಮಾರು 670 ಕೋಟಿ ತೂಕಗಳಿದ್ದವು. ಒಂದೊಂದು ತೂಕಕ್ಕೂ 16 ಬಿಟ್, ಅಂದರೆ 2 ಬೈಟ್. ಒಟ್ಟು 13.4 ಜಿಬಿ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಇದು ಕೂರುವ ಮಾತೇ ಇಲ್ಲ.

ಮಾರ್ಚ್ ತಿಂಗಳಲ್ಲಿ ಬಲ್ಗೇರಿಯದ ಸೋಫಿಯಾದಲ್ಲಿರುವ ಗೆಯೋರ್ಗಿ ಗೆರ್ಗಾನೊವ್ ಎಂಬ ಪ್ರೋಗ್ರಾಮರ್ ಲಾಮಾ ಡಾಟ್ ಸಿಪಿಪಿ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಮಾದರಿಯನ್ನು ಸಾಧಾರಣ ಕಂಪ್ಯೂಟರಿನಲ್ಲಿ ಓಡಿಸುವ ಕೆಲಸವನ್ನು ಅವರು ಅದರ ಹಿಂದಿನ ವರ್ಷವೇ ಮಾಡಿದ್ದರು. ಆ ತಳಹದಿ ಇದ್ದುದರಿಂದ ಇದರ ಮೊದಲ ರೂಪ ಒಂದು ಸಂಜೆಯಲ್ಲೇ ಸಿದ್ಧವಾಯಿತು. ಪೈಥಾನ್ ಬೇಡ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ, ಶುದ್ಧ ಸಿ ಮತ್ತು ಸಿ ಪ್ಲಸ್ ಪ್ಲಸ್. ಒಂದೊಂದು ತೂಕವನ್ನೂ 16 ಬಿಟ್‌ನಿಂದ ಸುಮಾರು 4 ಬಿಟ್‌ಗೆ ಇಳಿಸಿದ್ದರು. ಅದೇ ವಾರದಲ್ಲಿ ಯಾರೋ ಅದನ್ನು 4 ಜಿಬಿ ರ‍್ಯಾಮ್ ಇರುವ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲೂ ಓಡಿಸಿ ತೋರಿಸಿದರು. ಒಂದು ಟೋಕನ್ ಬರಲು ಸುಮಾರು ಹತ್ತು ಸೆಕೆಂಡು ಹಿಡಿಯುತ್ತಿತ್ತು. ಆದರೆ ಬರುತ್ತಿತ್ತು. ಈ ಕ್ಷೇತ್ರದಲ್ಲಿ ಆ ವರ್ಷ ನಡೆದ ಹತ್ತಾರು ಘೋಷಣೆಗಳಿಗಿಂತ ಈ ಒಂದು ಘಟನೆ ನನಗೆ ದೊಡ್ಡದಾಗಿ ಕಾಣುತ್ತದೆ. ದೈತ್ಯ ಕಂಪನಿಗಳ ಸರ್ವರ್‌ಗಳಲ್ಲಿ ಮಾತ್ರ ಇರಬೇಕಾದ್ದೆಂದು ನಾವು ಒಪ್ಪಿಕೊಂಡಿದ್ದ ವಸ್ತುವೊಂದು ಮೇಜಿನ ಮೇಲೆ ಬಂದು ಕೂತಿತು. ಅದನ್ನು ಬಿಚ್ಚಿ ನೋಡುವ, ಅಳೆಯುವ, ಕೆಡಿಸಿ ನೋಡುವ ಅವಕಾಶ ಸಾಮಾನ್ಯ ಓದುಗರಿಗೂ ಸಿಕ್ಕಿತು.

16 ಬಿಟ್ ಅನ್ನು 4 ಬಿಟ್ ಮಾಡುವುದು ಹೇಗೆ? 4 ಬಿಟ್‌ಗಳಲ್ಲಿ ಬರೆಯಲು ಸಾಧ್ಯವಿರುವುದು ಬರೀ 16 ಬೇರೆಬೇರೆ ಬೆಲೆಗಳನ್ನು. ಹಾಗಿದ್ದರೆ 670 ಕೋಟಿ ಸೂಕ್ಷ್ಮ ದಶಮಾಂಶಗಳನ್ನು ಹದಿನಾರೇ ಮೆಟ್ಟಿಲುಗಳ ಮೇಲೆ ನಿಲ್ಲಿಸಬೇಕು. ಕ್ವಾಂಟೈಸೇಶನ್ ಎಂದು ಕರೆಯುವುದು ಇದನ್ನೇ. ಜಿಪ್ ಫೈಲಿನ ಕುಗ್ಗಿಸುವಿಕೆಗೂ ಇದಕ್ಕೂ ವ್ಯತ್ಯಾಸವಿದೆ. ಜಿಪ್ ಬಿಚ್ಚಿದರೆ ಮೊದಲಿದ್ದುದೇ ಅಕ್ಷರವೂ ತಪ್ಪದೆ ಮರಳಿ ಬರುತ್ತದೆ. ಇಲ್ಲಿ ಕಳೆದುಹೋದದ್ದು ಕಳೆದೇಹೋಯಿತು.

ಹತ್ತಿರದಿಂದ ನೋಡೋಣ. ಲಾಮಾ ಡಾಟ್ ಸಿಪಿಪಿಯ ಹಳೆಯ, ಸರಳ ವಿಧಾನ ತೂಕಗಳನ್ನು 32ರ ಗುಂಪುಗಳಾಗಿ ಒಡೆಯುತ್ತದೆ. ಒಂದು ಗುಂಪಿನ ಕೆಲವು ತೂಕಗಳು ಹೀಗಿವೆ ಎನ್ನೋಣ: 0.12, -0.47, 0.33, 0.04, -0.80. ಇವುಗಳಲ್ಲಿ ಚಿಹ್ನೆ ಬಿಟ್ಟು ನೋಡಿದರೆ ದೊಡ್ಡದು 0.80. ಅದನ್ನು 8ರಿಂದ ಭಾಗಿಸಿದರೆ 0.1. ಈ ಗುಂಪಿಗೆ ಮೆಟ್ಟಿಲಿನ ಎತ್ತರ ಅದೇ. ಈಗ ಪ್ರತಿ ತೂಕವನ್ನೂ 0.1ರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ 1, -5, 3, 0, -8 ಸಿಗುತ್ತವೆ. ಫೈಲಿನಲ್ಲಿ ಉಳಿಯುವುದು ಈ ಚಿಕ್ಕ ಪೂರ್ಣಾಂಕಗಳು ಮತ್ತು 0.1 ಎಂಬ ಒಂದು ಅಳತೆ. ಲೆಕ್ಕ ಮಾಡುವಾಗ ಮತ್ತೆ ಗುಣಿಸಿದರೆ 0.1, -0.5, 0.3, 0, -0.8. ಮೂಲಕ್ಕೆ ಸಮ ಅಲ್ಲ, ಆದರೆ ಹತ್ತಿರ. 32 ತೂಕಗಳಿಗೆ ತಲಾ 4 ಬಿಟ್‌ನಂತೆ 16 ಬೈಟ್, ಅಳತೆಗೆ 2 ಬೈಟ್, ಒಟ್ಟು 18. ಮೊದಲು ಇದೇ ಗುಂಪು 64 ಬೈಟ್ ನುಂಗುತ್ತಿತ್ತು. ತೂಕವೊಂದಕ್ಕೆ ಸರಾಸರಿ 4.5 ಬಿಟ್ ಬಿತ್ತು, ನಮ್ಮ 13.4 ಜಿಬಿ ಫೈಲು 3.8 ಜಿಬಿಗೆ ಇಳಿಯಿತು.

ಈಗ ಅದೇ ಗುಂಪಿನಲ್ಲಿ -0.80ರ ಬದಲು -8.0 ಇದ್ದರೆ? ಮೆಟ್ಟಿಲಿನ ಎತ್ತರ 1 ಆಗುತ್ತದೆ. 0.12, -0.47, 0.33, 0.04 ನಾಲ್ಕೂ ಸೊನ್ನೆಗೆ ಕುಸಿಯುತ್ತವೆ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. ದೊಡ್ಡ ಭಾಷಾ ಮಾದರಿಗಳಲ್ಲಿ ಇಂಥ ಅತಿರೇಕದ ಬೆಲೆಗಳು ನಿಜವಾಗಿಯೂ ತಲೆ ಎತ್ತುತ್ತವೆ, ಲೆಕ್ಕದ ನಡುವೆ ಹುಟ್ಟುವ ಸಂಖ್ಯೆಗಳಲ್ಲಂತೂ ಅವು ಕೆಲವೇ ನಿರ್ದಿಷ್ಟ ಜಾಗಗಳಲ್ಲಿ ಪಟ್ಟಾಗಿ ಕೂತಿರುತ್ತವೆ ಎಂದು ಸಂಶೋಧಕ ಟಿಮ್ ಡೆಟ್ಮರ್ಸ್ ಮತ್ತು ಸಂಗಡಿಗರು 2022ರಲ್ಲಿ ತೋರಿಸಿದರು. ಇಡೀ ಮಾದರಿಗೆ ಒಂದೇ ಅಳತೆ ಇಟ್ಟಿದ್ದರೆ ಒಂದು ಪುಂಡ ತೂಕ ಕೋಟ್ಯಂತರ ಸಾಧು ತೂಕಗಳನ್ನು ಅಳಿಸಿಬಿಡುತ್ತಿತ್ತು. 32ರ ಸಣ್ಣ ಗುಂಪು ಮಾಡಿರುವುದರಿಂದ ಹಾನಿ ಆ ಗುಂಪಿನೊಳಗೇ ಉಳಿಯುತ್ತದೆ.

2023ರ ಜೂನ್‌ನಲ್ಲಿ ಇವಾನ್ ಕವ್ರಾಕೊವ್ ಎಂಬವರು ಲಾಮಾ ಡಾಟ್ ಸಿಪಿಪಿಗೆ ಇದಕ್ಕಿಂತ ಜಾಣ ವಿಧಾನಗಳ ಒಂದು ಕುಟುಂಬವನ್ನೇ ಸೇರಿಸಿದರು. ಹೆಸರಿನಲ್ಲಿ ಕೆ ಅಕ್ಷರ ಇರುವ ಫೈಲುಗಳೆಲ್ಲ ಆ ಕುಟುಂಬದವು. ಅದರಲ್ಲಿ 256 ತೂಕಗಳದ್ದು ಒಂದು ದೊಡ್ಡ ಗುಂಪು, ಒಳಗೆ ಉಪಗುಂಪುಗಳು, ಉಪಗುಂಪುಗಳ ಅಳತೆಗಳನ್ನೂ ಮತ್ತೆ ಕುಗ್ಗಿಸಿ ಇಡುವ ವ್ಯವಸ್ಥೆ. ಜೊತೆಗೆ ಮಾದರಿಯ ತೂಕಗಳನ್ನು ಜೋಡಿಸಿರುವ ಎಲ್ಲ ಪದರಗಳನ್ನೂ ಒಂದೇ ರೀತಿ ನೋಡದೆ, ಏಟು ತಡೆಯದ ಕೆಲವು ಭಾಗಗಳಿಗೆ 6 ಬಿಟ್ ಕೊಟ್ಟು ಮಿಕ್ಕವನ್ನು 4ಕ್ಕೆ ಇಳಿಸುತ್ತಾರೆ. ಡೌನ್‌ಲೋಡ್ ಪುಟದಲ್ಲಿ ನಿಮಗೆ ಪದೇಪದೇ ಎದುರಾಗುವ ಕ್ಯೂ4_ಕೆ_ಎಂ ಎಂಬ ಬಾಲದ ಅರ್ಥ ಇಷ್ಟೇ: ಮೂಲತಃ 4 ಬಿಟ್, ಕೆ ಕುಟುಂಬ, ಮಧ್ಯಮ ಗಾತ್ರ.

ಎಷ್ಟು ಕೆಡುತ್ತದೆ ಎಂಬುದನ್ನು ಅಳೆಯಲು ಪರ್ಪ್ಲೆಕ್ಸಿಟಿ ಎಂಬ ಮಾಪನವಿದೆ. ಒಂದು ಗೊತ್ತಿರುವ ಬರಹವನ್ನು ಮಾದರಿಯ ಮುಂದಿಟ್ಟು, ಮುಂದಿನ ಟೋಕನ್ ಯಾವುದೆಂದು ಊಹಿಸುವಾಗ ಅದು ಸರಾಸರಿ ಎಷ್ಟು ಸಮಾನ ಆಯ್ಕೆಗಳ ನಡುವೆ ತಡವರಿಸಿತು ಎಂದು ನೋಡುವುದು. ಕಡಿಮೆಯಾದಷ್ಟೂ ಒಳ್ಳೆಯದು. ಇಂಗ್ಲಿಷ್ ವಿಕಿಪೀಡಿಯದಿಂದ ಆಯ್ದ ಬರಹದ ಮೇಲೆ ಮೊದಲ ಲಾಮಾದ ಚಿಕ್ಕ ಮಾದರಿಗೆ ಮೂಲ ರೂಪದಲ್ಲಿ 5.91 ಬಂದಿತ್ತು. ಸರಳ 4 ಬಿಟ್ ರೂಪದಲ್ಲಿ 6.16. ಅದರ ಮೇಲಿನ 1,300 ಕೋಟಿ ತೂಕಗಳ ಮಾದರಿಗೆ ಮೂಲದಲ್ಲಿ 5.25, 4 ಬಿಟ್‌ನಲ್ಲಿ 5.39. ಈ ನಾಲ್ಕು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕುಗ್ಗಿಸಿದ ದೊಡ್ಡ ಮಾದರಿ, ಕುಗ್ಗಿಸದ ಚಿಕ್ಕ ಮಾದರಿಗಿಂತ ಚೆನ್ನಾಗಿದೆ, ಹಾಗಿದ್ದೂ ಫೈಲಿನ ಗಾತ್ರ ಅದರ ಅರ್ಧದಷ್ಟೇ. 4 ಬಿಟ್‌ನ ಫೈಲುಗಳು ಜನಪ್ರಿಯವಾಗಿರುವುದಕ್ಕೆ ಕಾರಣ ಇದು. 2 ಬಿಟ್‌ಗೆ ಇಳಿಸಿದರೆ ಚಿಕ್ಕ ಮಾದರಿ 6.78ಕ್ಕೆ ಜಾರುತ್ತದೆ, ಅಲ್ಲಿ ಉತ್ತರಗಳು ಓದುವವರಿಗೇ ಪೆದ್ದಾಗಿ ಕಾಣತೊಡಗುತ್ತವೆ. ಇಂಗ್ಲಿಷ್ ಬರಹ ಎಂಬುದನ್ನು ಮಾತ್ರ ನೆನಪಿಡಿ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಇನ್‌ಸ್ಟಾಲ್ ಮಾಡೋಣ. ಹೆಚ್ಚಿನವರು ಇಲ್ಲಿ ಎಡವುವುದು ಡೌನ್‌ಲೋಡ್ ಗುಂಡಿ ಒತ್ತುವ ಮುಂಚೆ ತಮ್ಮ ಯಂತ್ರವನ್ನು ನೋಡಿಕೊಳ್ಳದಿರುವುದರಿಂದ. ವಿಂಡೋಸ್ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಎಂಬಲ್ಲಿ ಮೆಮೊರಿ ಒತ್ತಿ. ಒಟ್ಟು ರ‍್ಯಾಮ್ ಎಷ್ಟು, ಈಗಾಗಲೇ ಬಳಕೆಯಲ್ಲಿರುವುದು ಎಷ್ಟು ಎಂಬುದರ ಜೊತೆಗೆ ಕೆಳಗೆ ಎರಡು ಸಣ್ಣ ಸಾಲುಗಳಿರುತ್ತವೆ: ರ‍್ಯಾಮಿನ ವೇಗ ಮತ್ತು ಎಷ್ಟು ಸ್ಲಾಟ್ ತುಂಬಿದೆ ಎಂಬುದು. ಯಾರೂ ಗಮನಿಸದ ಈ ಎರಡನೇ ಸಾಲಿನಲ್ಲಿ ನಿಮ್ಮ ಮಾದರಿ ಎಷ್ಟು ಬೇಗ ಮಾತಾಡೀತು ಎಂಬುದರ ಸುಳಿವಿದೆ.

ಕಾರಣ ಹೀಗೆ. ಲಾಮಾದಂಥ ಮಾದರಿಯಲ್ಲಿ ಒಂದೊಂದು ಟೋಕನ್ ಹೊರಡಿಸಲೂ ಫೈಲಿನ ಎಲ್ಲ ತೂಕಗಳೂ ಒಮ್ಮೆ ರ‍್ಯಾಮಿನಿಂದ ಪ್ರೊಸೆಸರಿಗೆ ಬಂದು ಹೋಗಬೇಕು. ಗುಣಾಕಾರ ಮಾಡುವುದರಲ್ಲಿ ಪ್ರೊಸೆಸರ್ ಹಿಂದೆ ಬೀಳುವುದಿಲ್ಲ. ಸಂಖ್ಯೆಗಳು ಬಂದು ಮುಟ್ಟುವುದಕ್ಕೇ ಅದು ಕಾಯುತ್ತಿರುತ್ತದೆ. 3200ರ ವೇಗದ ಡಿಡಿಆರ್4 ರ‍್ಯಾಮ್ ಒಂದೇ ಪಟ್ಟಿ ಇದ್ದರೆ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್‌ಗಳಲ್ಲಿ ಎರಡು ಪಟ್ಟಿ ಇದ್ದರೆ 51.2 ಜಿಬಿ. ಇದನ್ನು ಫೈಲಿನ ಗಾತ್ರವಾದ 3.8 ಜಿಬಿಯಿಂದ ಭಾಗಿಸಿದರೆ ಮೊದಲನೆಯದರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 7 ಟೋಕನ್, ಎರಡನೆಯದರಲ್ಲಿ 13. ಕುಗ್ಗಿಸದ 13.4 ಜಿಬಿ ಫೈಲಾಗಿದ್ದರೆ ಎರಡು ಪಟ್ಟಿ ಇದ್ದೂ 4 ಟೋಕನ್ ದಾಟುವುದಿಲ್ಲ. ಹಾಗಾಗಿ ಕುಗ್ಗಿಸುವುದರಿಂದ ಜಾಗವಷ್ಟೇ ಅಲ್ಲ, ವೇಗವೂ ಸಿಗುತ್ತದೆ, ಅದೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಗೆ ಮುಂಚೆ ಖಾಲಿ ಸ್ಲಾಟಿಗೆ ಇನ್ನೊಂದು ರ‍್ಯಾಮ್ ಪಟ್ಟಿ ಹಾಕಿಸಿ ನೋಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ವೇಗ ಇಮ್ಮಡಿಯಾಗುವ ದಾರಿ ಬೇರೆ ಇಲ್ಲ. ಗ್ರಾಫಿಕ್ಸ್ ಕಾರ್ಡುಗಳ ಹೆಚ್ಚುಗಾರಿಕೆಯೂ ಇಲ್ಲೇ ಇದೆ. 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ 360 ಜಿಬಿ ಸಾಗಿಸುತ್ತದೆ.

ಪ್ರೋಗ್ರಾಮಿಗೆ ಬರೋಣ. ಸುಲಭದ ದಾರಿ ಬೇಕೆನ್ನುವವರಿಗೆ ಒಲಾಮಾ, ಎಲ್‌ಎಂ ಸ್ಟುಡಿಯೋ ಇವೆ. ಮಾಮೂಲು ಸಾಫ್ಟ್‌ವೇರ್‌ನಂತೆ ಇನ್‌ಸ್ಟಾಲ್ ಮಾಡಿ, ಮಾದರಿಯ ಹೆಸರು ಆರಿಸಿದರೆ ಸಾಕು, ಫೈಲನ್ನು ಅವೇ ತರಿಸಿಕೊಳ್ಳುತ್ತವೆ. ಎರಡರೊಳಗೂ ಲಾಮಾ ಡಾಟ್ ಸಿಪಿಪಿಯ ಕೆಲಸ ಇದೆ. ಆದರೆ ನೀವು ಏನೂ ಹೇಳದಿದ್ದರೆ ಒಲಾಮಾ ಸಾಮಾನ್ಯವಾಗಿ 4 ಬಿಟ್‌ನ ಫೈಲನ್ನೇ ತಂದು ಕೊಡುತ್ತದೆ, ಎಷ್ಟು ಕುಗ್ಗಿಸಿದ್ದು ಎಂಬ ಪ್ರಶ್ನೆ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಈ ಅಧ್ಯಾಯದ ಕಾಳಜಿಯೇ ಆ ಪ್ರಶ್ನೆಯಾದ್ದರಿಂದ ನೇರವಾಗಿ ಮೂಲ ಪ್ರೋಗ್ರಾಮನ್ನೇ ಹಾಕಿಕೊಳ್ಳಿ ಎನ್ನುತ್ತೇನೆ.

ಗಿಟ್‌ಹಬ್‌ನಲ್ಲಿ ಅದರ ರಿಲೀಸ್ ಪುಟದಲ್ಲಿ ಸಿದ್ಧ ಜಿಪ್ ಫೈಲುಗಳು ಸಾಲಾಗಿರುತ್ತವೆ. ಬರೀ ಪ್ರೊಸೆಸರ್ ಮೇಲೆ ಓಡುವುದು ಒಂದು, ಎನ್‌ವಿಡಿಯಾ ಕಾರ್ಡ್ ಇರುವವರಿಗೆ ಕುಡಾ (CUDA) ಎಂಬುದು, ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಇರುವವರಿಗೆ ವಲ್ಕನ್ ಎಂಬುದು. ಅನುಮಾನವಿದ್ದರೆ ಪ್ರೊಸೆಸರ್‌ನದ್ದನ್ನೇ ಮೊದಲು ತನ್ನಿ. ಅದು ಓಡಿದ ಮೇಲೆ ಉಳಿದದ್ದು. ಜಿಪ್ ಬಿಚ್ಚಿ ಒಂದು ಫೋಲ್ಡರಿನಲ್ಲಿಟ್ಟರೆ ಇನ್‌ಸ್ಟಾಲ್ ಮುಗಿಯಿತು, ರಿಜಿಸ್ಟ್ರಿಯ ಗೊಡವೆ ಇಲ್ಲ, ಬೇಡವೆನಿಸಿದರೆ ಫೋಲ್ಡರ್ ಅಳಿಸಿದರಾಯಿತು. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಒಂದೇ ಆಜ್ಞೆ. ಲಿನಕ್ಸ್‌ನವರು ಮೂಲ ಕೋಡನ್ನು ತಂದು ಸಿಮೇಕ್‌ನಿಂದ ತಮ್ಮ ಯಂತ್ರಕ್ಕೇ ಕಟ್ಟಿಕೊಳ್ಳುವುದು ಒಳ್ಳೆಯದು. ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಸೌಲಭ್ಯ ಇದ್ದರೆ ಕಟ್ಟುವಾಗಲೇ ಅದು ಸೇರಿಕೊಳ್ಳುತ್ತದೆ.

ಮಾದರಿಯ ಫೈಲು ಬೇರೆ ಕಡೆಯಿಂದ ಬರಬೇಕು, ಬಹುಪಾಲು ಹಗ್ಗಿಂಗ್ ಫೇಸ್ ತಾಣದಿಂದ. ನಿಮಗೆ ಬೇಕಾದ್ದು ಜಿಜಿಯುಎಫ್ ಎಂದು ಕೊನೆಗೊಳ್ಳುವ ಫೈಲು. 2023ರ ಆಗಸ್ಟ್‌ನಲ್ಲಿ ಬಂದ ಈ ಸ್ವರೂಪದಲ್ಲಿ ತೂಕಗಳು, ಟೋಕನ್ ಪಟ್ಟಿ, ಮಾದರಿಯ ರಚನೆಯ ವಿವರ ಎಲ್ಲವೂ ಒಂದೇ ಕಡೆ ಇರುತ್ತವೆ. ಇದಕ್ಕೆ ಮುಂಚಿನ ಪೈಟಾರ್ಚ್ ಫೈಲುಗಳನ್ನು ತೆರೆಯುವಾಗ ಅವುಗಳೊಳಗೆ ಯಾರಾದರೂ ಬಚ್ಚಿಟ್ಟ ಕೋಡ್ ಓಡಿಬಿಡುವ ಅಪಾಯವಿತ್ತು. ಜಿಜಿಯುಎಫ್‌ನಲ್ಲಿ ಇರುವುದು ದತ್ತಾಂಶ. ಹಾಗೆಂದು ಸಿಕ್ಕಸಿಕ್ಕ ಕಡೆಯಿಂದ ತರುವುದು ಬೇಡ. ಮಾದರಿ ಮಾಡಿದ ಸಂಸ್ಥೆಯೇ ಇಟ್ಟಿರುವ ಫೈಲನ್ನು, ಇಲ್ಲವೇ ಬಹುಕಾಲದಿಂದ ಬಹಳ ಜನ ಬಳಸುತ್ತಿರುವುದನ್ನು ಆರಿಸಿ. ಮೊಬೈಲ್ ಡೇಟಾದಲ್ಲಿ ಇಳಿಸುವಾಗ ನಾಲ್ಕಾರು ಜಿಬಿಯ ಫೈಲು ನಡುವೆ ತುಂಡಾಗುವುದು ಮಾಮೂಲು. ತೆರೆಯುವ ಮುಂಚೆ ಪುಟದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಸಂಖ್ಯೆಯನ್ನು ನಿಮ್ಮ ಫೈಲಿನ ಸಂಖ್ಯೆಯೊಂದಿಗೆ ಹೋಲಿಸಿ ನೋಡಿದರೆ ಅರ್ಥವಾಗದ ದೋಷಸೂಚನೆಗಳ ಜೊತೆ ಗುದ್ದಾಡುವುದು ತಪ್ಪುತ್ತದೆ.

ಇನ್ನು ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಲಾಮಾ ಸರ್ವರ್ ಎಂಬ ಪ್ರೋಗ್ರಾಮಿಗೆ ಮಾದರಿಯ ಫೈಲು ಎಲ್ಲಿದೆ ಎಂದು ತಿಳಿಸಿ ಓಡಿಸಿ. ಪರದೆಯ ಮೇಲೆ ಪದರಗಳ ಸಂಖ್ಯೆ, ಟೋಕನ್ ಪಟ್ಟಿಯ ಗಾತ್ರ, ಎಷ್ಟು ಮೆಮೊರಿ ಕಾಯ್ದಿರಿಸಿತು ಎಂಬೆಲ್ಲ ಸಾಲುಗಳು ಸರಸರನೆ ಹರಿಯುತ್ತವೆ. ಒಮ್ಮೆಯಾದರೂ ನಿಧಾನವಾಗಿ ಓದಿ. ಮಾದರಿಯ ಜಾತಕವೆಲ್ಲ ಅಲ್ಲಿದೆ. ನಂತರ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 8080 ತೆರೆದರೆ ಮಾತುಕತೆಯ ಪುಟ ಸಿದ್ಧ. ಇಂಟರ್ನೆಟ್ ತಂತಿ ಕಿತ್ತು ನೋಡಿ, ಉತ್ತರ ಬರುತ್ತಲೇ ಇರುತ್ತದೆ. ನೀವು ಕೇಳಿದ್ದು ನಿಮ್ಮ ಮನೆ ದಾಟಿ ಹೋಗುವುದಿಲ್ಲ. ವೈದ್ಯರ ಚೀಟಿ, ಕಕ್ಷಿದಾರರ ಕಾಗದಪತ್ರ, ಅರ್ಧ ಬರೆದ ಕಾದಂಬರಿ, ಇಂಥವನ್ನು ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ. ಸುಮ್ಮನೆ ಓಡಿಸಿದರೆ ಸರ್ವರ್ ನಿಮ್ಮ ಯಂತ್ರಕ್ಕೆ ಮಾತ್ರ ಕಿವಿಗೊಡುತ್ತದೆ. ಮನೆಯ ಬೇರೆ ಫೋನುಗಳಿಗೂ ಸಿಗಲಿ ಎಂದು ತೆರೆಯುವುದಾದರೆ ಗುಪ್ತ ಕೀಲಿಯನ್ನೂ ಹಾಕಿ.

ಫೈಲು ದೈತ್ಯವಾಗಿದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡರೆ ಆಶ್ಚರ್ಯಪಡಬೇಡಿ. ಅದನ್ನು ಪೂರ್ತಿ ಓದಿಕೊಳ್ಳದೆ, ಬೇಕಾದ ಪುಟವನ್ನು ಬೇಕಾದಾಗ ಡಿಸ್ಕಿನಿಂದ ತರುವಂತೆ ಆಪರೇಟಿಂಗ್ ಸಿಸ್ಟಂಗೆ ವಹಿಸಿರುತ್ತಾರೆ. ರ‍್ಯಾಮಿಗಿಂತ ದೊಡ್ಡ ಫೈಲೂ ಇದರಿಂದಲೇ ತೆರೆದುಕೊಳ್ಳುತ್ತದೆ, ಆದರೆ ಪ್ರತಿ ಟೋಕನ್‌ಗೂ ಡಿಸ್ಕಿಗೆ ಓಡಬೇಕು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಅರ್ಧ ಜಿಬಿ ಕೊಡುತ್ತದೆ ಎಂದರೆ ಉಳಿದ ಲೆಕ್ಕ ನಿಮಗೇ ಗೊತ್ತಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಎಲ್ಲ ಪದರಗಳು ಹಿಡಿಸದಿದ್ದರೆ ಹಿಡಿಸಿದಷ್ಟನ್ನು ಅಲ್ಲಿಟ್ಟು ಮಿಕ್ಕಿದ್ದನ್ನು ರ‍್ಯಾಮಿನಲ್ಲಿ ಬಿಡಬಹುದು.

ಫೈಲಿನ ಗಾತ್ರ ಬಿಟ್ಟು ಇನ್ನೊಂದು ಕಡೆಯೂ ಮೆಮೊರಿ ಖರ್ಚಾಗುತ್ತದೆ. ಮಾತುಕತೆಯಲ್ಲಿ ಈವರೆಗೆ ಬಂದ ಪ್ರತಿ ಟೋಕನ್‌ಗೂ ಮಾದರಿ ಎರಡು ಸಂಖ್ಯಾಸಾಲುಗಳನ್ನು ಪ್ರತಿ ಪದರದಲ್ಲೂ ನೆನಪಿಟ್ಟುಕೊಳ್ಳುತ್ತದೆ. ಲಾಮಾ 2ರ ಚಿಕ್ಕ ಮಾದರಿಯಲ್ಲಿ 32 ಪದರ, ಸಾಲೊಂದರಲ್ಲಿ 4,096 ಸಂಖ್ಯೆ, ಸಂಖ್ಯೆಗೆ 2 ಬೈಟ್. ಗುಣಿಸಿದರೆ ಟೋಕನ್ ಒಂದಕ್ಕೆ ಅರ್ಧ ಎಂಬಿ. 4,096 ಟೋಕನ್‌ಗಳ ಮಾತುಕತೆಗೆ 2 ಜಿಬಿ. ಲಾಮಾ 3ರ 800 ಕೋಟಿ ತೂಕಗಳ ಮಾದರಿಯಲ್ಲಿ ಈ ಸಾಲುಗಳನ್ನು ಹಂಚಿಕೊಳ್ಳುವ ಉಪಾಯದಿಂದ ಖರ್ಚು ಕಾಲು ಭಾಗಕ್ಕಿಳಿದಿದೆ.

ಕನ್ನಡದ ಮಟ್ಟಿಗೆ ಈ ಲೆಕ್ಕ ಬಹಳ ದುಬಾರಿ. ಲಾಮಾ ಡಾಟ್ ಸಿಪಿಪಿಯ ಜೊತೆಗೇ ಬರುವ ಲಾಮಾ ಟೋಕನೈಜ್ ಎಂಬ ಪುಟ್ಟ ಪ್ರೋಗ್ರಾಮಿಗೆ ಒಂದು ಪದ ಕೊಟ್ಟರೆ ಮಾದರಿ ಅದನ್ನು ಎಷ್ಟು ತುಂಡು ಮಾಡಿತು ಎಂದು ತೋರಿಸುತ್ತದೆ. ರಾಗಿಮುದ್ದೆ ಎಂದು ಕೊಡಿ. ಯುನಿಕೋಡ್‌ನಲ್ಲಿ ಅದು ಹತ್ತು ಸಂಕೇತಗಳು: ರ, ದೀರ್ಘ, ಗ, ಗುಡಿಸು, ಮ, ಕೊಂಬು, ದ, ವಿರಾಮ, ದ, ಏತ್ವ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 30. ಲಾಮಾ 2ರ ಟೋಕನ್ ಪಟ್ಟಿಯಲ್ಲಿ ಇರುವುದೇ 32,000. ಅದರಲ್ಲಿ ಕನ್ನಡಕ್ಕೆ ಸಿಕ್ಕಿರುವ ಜಾಗ ಇಲ್ಲವೆನ್ನುವಷ್ಟು. ಪಟ್ಟಿಯಲ್ಲಿ ಇಲ್ಲದ ಅಕ್ಷರವನ್ನು ಅದು ಬೈಟುಗಳಾಗಿ ಒಡೆಯುತ್ತದೆ. ಹಾಗಾಗಿ ಒಂದು ರಾಗಿಮುದ್ದೆಗೆ 30 ಟೋಕನ್‌ಗಳ ವರೆಗೆ ಹೋಗಬಹುದು, ಅಂದರೆ 15 ಎಂಬಿ ರ‍್ಯಾಮ್. ಸೆಕೆಂಡಿಗೆ 7 ಟೋಕನ್‌ನ ಲ್ಯಾಪ್‌ಟಾಪಿನಲ್ಲಿ ಆ ಪದವೊಂದೇ ಪರದೆಗೆ ಬರಲು ನಾಲ್ಕು ಸೆಕೆಂಡು ಮೀರುತ್ತದೆ. ಇಂಗ್ಲಿಷಿನವರು ಅಷ್ಟು ಹೊತ್ತಿಗೆ ಒಂದು ವಾಕ್ಯ ಓದಿ ಮುಗಿಸಿರುತ್ತಾರೆ. ಒಂದೇ ಯಂತ್ರ, ಒಂದೇ ಫೈಲು, ಆದರೆ ಕನ್ನಡಿಗರ ಕೈಯಲ್ಲಿ ಅದು ಹಲವು ಪಟ್ಟು ನಿಧಾನ, ಹಲವು ಪಟ್ಟು ಮರೆಗುಳಿ.

ಈಚಿನ ಮಾದರಿಗಳಲ್ಲಿ ಸ್ಥಿತಿ ಸುಧಾರಿಸಿದೆ. 2025ರ ಮಾರ್ಚ್‌ನಲ್ಲಿ ಗೂಗಲ್ ಬಿಡುಗಡೆ ಮಾಡಿದ ಜೆಮ್ಮಾ 3ರ ಟೋಕನ್ ಪಟ್ಟಿಯಲ್ಲಿ 2.6 ಲಕ್ಷ ನಮೂದುಗಳಿವೆ. ಇದಕ್ಕೂ ಬೆಲೆ ಉಂಟು: 400 ಕೋಟಿ ತೂಕಗಳ ಜೆಮ್ಮಾದಲ್ಲಿ ಸುಮಾರು 67 ಕೋಟಿ ತೂಕಗಳು ಬರೀ ಆ ಪಟ್ಟಿಗೇ ಮೀಸಲು. ಕನ್ನಡದಂಥ ಹತ್ತಾರು ಲಿಪಿಗಳಿಗೆ ಜಾಗ ಮಾಡಿಕೊಟ್ಟಿದ್ದಕ್ಕೆ ತೆತ್ತ ಬೆಲೆ ಅದು, ನನ್ನ ಪ್ರಕಾರ ಸಾರ್ಥಕ ಬೆಲೆ. ಬೆಂಗಳೂರಿನ ಸರ್ವಂ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಹೊರತಂದ ಸರ್ವಂ-1 ಕನ್ನಡ ಸೇರಿದಂತೆ ಹತ್ತು ಭಾರತೀಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ 200 ಕೋಟಿ ತೂಕಗಳ ಮಾದರಿ. ಅದರಲ್ಲಿ ಭಾರತೀಯ ಭಾಷೆಗಳ ಪದವೊಂದಕ್ಕೆ ಸರಾಸರಿ 1.4ರಿಂದ 2.1 ಟೋಕನ್ ಸಾಕು ಎಂದು ಸಂಸ್ಥೆ ಹೇಳಿದೆ. ಅದು ಬರಹವನ್ನು ಮುಂದುವರಿಸುವ ಮೂಲ ಮಾದರಿ, ಪ್ರಶ್ನೆಗೆ ಉತ್ತರಿಸಲು ಪಳಗಿಸಿದ್ದಲ್ಲ ಎಂಬುದನ್ನು ತಿಳಿದು ಬಳಸಬೇಕು.

ಈಗ ಹಿಂದೆ ಬಿಟ್ಟಿದ್ದ ಮಾತಿಗೆ ಬರುತ್ತೇನೆ. 4 ಬಿಟ್‌ಗೆ ಇಳಿಸಿದರೆ ನಷ್ಟ ಅತ್ಯಲ್ಪ ಎಂದು ಎಲ್ಲರೂ ಹೇಳುವುದು ಇಂಗ್ಲಿಷಿನಲ್ಲಿ ಅಳೆದು. ಬೇರೆ ಭಾಷೆಗಳಲ್ಲಿ? ಕೊಹಿಯರ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಇದನ್ನೇ ಕೇಳಿಕೊಂಡು ಪರೀಕ್ಷಿಸಿದರು. ಲ್ಯಾಟಿನ್ ಅಲ್ಲದ ಲಿಪಿಗಳ ಭಾಷೆಗಳಿಗೇ ಹೆಚ್ಚು ಪೆಟ್ಟು ಬಿದ್ದಿತ್ತು. ಇನ್ನೂ ಚಿಂತೆಗೀಡು ಮಾಡುವ ಸಂಗತಿ ಬೇರೊಂದಿದೆ: ಜಪಾನಿ ಭಾಷೆಯಲ್ಲಿ ಯಂತ್ರದ ಮಾಪನಗಳು ಸರಾಸರಿ ಶೇಕಡಾ 1.7ರಷ್ಟು ಕುಸಿತ ತೋರಿಸಿದ ಕಡೆ, ಆ ಭಾಷೆಯ ಜನರೇ ಕೂತು ಉತ್ತರಗಳನ್ನು ಓದಿ ತೂಗಿದಾಗ ಕುಸಿತ ಶೇಕಡಾ 16ರಷ್ಟಿತ್ತು. ಅವರು ಪರೀಕ್ಷಿಸಿದ ಭಾಷೆಗಳಲ್ಲಿ ಕನ್ನಡ ಇರಲಿಲ್ಲ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ನನ್ನ ತರ್ಕ ಇದು. ಲಕ್ಷಾಂತರ ಸಲ ನೋಡಿದ ಇಂಗ್ಲಿಷ್ ವಾಕ್ಯದಲ್ಲಿ ಮುಂದಿನ ಟೋಕನ್ ಯಾವುದೆಂದು ಮಾದರಿಗೆ ಗಟ್ಟಿ ಭರವಸೆ ಇರುತ್ತದೆ. ತೂಕಗಳು ಅಷ್ಟಿಷ್ಟು ಅಲುಗಿದರೂ ಮೊದಲ ಸ್ಥಾನ ಬದಲಾಗುವುದಿಲ್ಲ. ಅಪರೂಪವಾಗಿ ನೋಡಿದ ಕನ್ನಡದಲ್ಲಿ 'ಅವನಿಗೆ' ಮತ್ತು 'ಅವನನ್ನು' ನಡುವಿನ ಅಂತರವೇ ಕೂದಲೆಳೆಯಷ್ಟಿರುತ್ತದೆ. ಮೆಟ್ಟಿಲಿಗೆ ಸರಿಹೊಂದಿಸುವಾಗಿನ ಸಣ್ಣ ತಪ್ಪು ಆ ಕ್ರಮವನ್ನೇ ತಿರುಗಿಸಬಲ್ಲದು. ಪದವೊಂದು ಹಲವು ತುಂಡುಗಳಾಗಿದ್ದರೆ ತಪ್ಪಲು ಅಷ್ಟೇ ಸಲ ಅವಕಾಶ. ಬೈಟುಗಳಲ್ಲಿ ಬರೆಯುವ ಮಾದರಿಯಲ್ಲಂತೂ ಒಂದು ಬೈಟ್ ತಪ್ಪಿದರೆ ಅಕ್ಷರವೇ ಬದಲಾಗುತ್ತದೆ, ಇಲ್ಲವೇ ಒಡೆದು ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಹರಳು ಮೂಡುತ್ತದೆ.

ಆದ್ದರಿಂದ ಕನ್ನಡಕ್ಕೆಂದು ಮಾದರಿ ಹಾಕಿಕೊಳ್ಳುವವರಿಗೆ ನನ್ನ ಸಲಹೆ ಬೇರೆ. 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ಹಳೆಯ ದೊಡ್ಡ ಮಾದರಿಯನ್ನು 3 ಬಿಟ್‌ಗೆ ಹಿಸುಕಿ ತುರುಕುವುದಕ್ಕಿಂತ, ಕನ್ನಡದ ಟೋಕನ್‌ಗಳಿರುವ 400 ಕೋಟಿಯ ಜೆಮ್ಮಾವನ್ನು 8 ಬಿಟ್‌ನಲ್ಲಿ ಇಟ್ಟುಕೊಳ್ಳಿ. ಫೈಲು ಸುಮಾರು 4.1 ಜಿಬಿ ಆಗುತ್ತದೆ. ಜಾಗ ಸಾಲದಿದ್ದರೆ 6 ಬಿಟ್. 4 ಬಿಟ್‌ಗೇ ಇಳಿಯಬೇಕಾದರೆ ಗೂಗಲ್ 2025ರ ಏಪ್ರಿಲ್‌ನಲ್ಲಿ ಕೊಟ್ಟ, ತರಬೇತಿಯ ಕೊನೆಯ ಹಂತದಲ್ಲೇ ಕುಗ್ಗಿಸುವಿಕೆಗೆ ಒಗ್ಗಿಸಿದ ಆವೃತ್ತಿಯನ್ನು ತನ್ನಿ. ಮೊದಲೇ ಒಗ್ಗಿಸಿದ್ದರಿಂದ ಅದು ಮಾಮೂಲು 4 ಬಿಟ್‌ಗಿಂತ ಕಡಿಮೆ ಕೆಡುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರಿಗೆ ದಾರಿ ತೆರೆದಿದೆ. ಕುಗ್ಗಿಸುವ ಮುಂಚೆ ಒಂದು ನಮೂನೆ ಬರಹವನ್ನು ಮಾದರಿಯ ಮೂಲಕ ಓಡಿಸಿ, ಯಾವ ತೂಕಗಳು ಹೆಚ್ಚು ಕೆಲಸಕ್ಕೆ ಬರುತ್ತವೆ ಎಂದು ಗುರುತು ಹಾಕಿಕೊಂಡು, ಅವನ್ನು ಜೋಪಾನವಾಗಿ ಕುಗ್ಗಿಸುವ ಸೌಲಭ್ಯ 2024ರ ಜನವರಿಯಿಂದ ಲಾಮಾ ಡಾಟ್ ಸಿಪಿಪಿಯಲ್ಲಿದೆ. ಅದರ ಹೆಸರು ಐಮ್ಯಾಟ್ರಿಕ್ಸ್. ಆ ನಮೂನೆ ಬರಹ ಯಾವ ಭಾಷೆಯದೋ ಆ ಭಾಷೆಗೆ ಬೇಕಾದ ತೂಕಗಳು ಹೆಚ್ಚು ಜೋಪಾನವಾಗಿ ಉಳಿಯುತ್ತವೆ, ಮತ್ತು ಚಾಲ್ತಿಯಲ್ಲಿರುವ ನಮೂನೆ ಬರಹಗಳಲ್ಲಿ ಇಂಗ್ಲಿಷಿನ ಪಾಲೇ ದೊಡ್ಡದು. ಅದರ ಜಾಗದಲ್ಲಿ ಕನ್ನಡ ವಿಕಿಪೀಡಿಯದ ನಾಲ್ಕಾರು ನೂರು ಪುಟ ಇಟ್ಟು 16 ಬಿಟ್‌ನ ಮೂಲದಿಂದ ನೀವೇ 4 ಬಿಟ್‌ನ ಫೈಲು ತಯಾರಿಸಬಹುದು. ಅದಕ್ಕೆ ಬೇಕಾದ ಲಾಮಾ ಐಮ್ಯಾಟ್ರಿಕ್ಸ್, ಲಾಮಾ ಕ್ವಾಂಟೈಜ್ ಪ್ರೋಗ್ರಾಮುಗಳು ನೀವು ಬಿಚ್ಚಿಟ್ಟ ಅದೇ ಫೋಲ್ಡರಿನಲ್ಲಿವೆ.

ಬಂದ ಫೈಲನ್ನು ಅಳೆಯಲು ಲಾಮಾ ಪರ್ಪ್ಲೆಕ್ಸಿಟಿ ಇದೆ. ಆದರೆ ತಯಾರಿಗೆ ಬಳಸಿದ ಪುಟಗಳಿಂದಲೇ ಅಳೆಯಬಾರದು, ಬೇರೆ ಬರಹ ಕೊಡಬೇಕು. ಟೋಕನ್ ಪಟ್ಟಿ ಬೇರೆಯಾಗಿರುವ ಎರಡು ಮಾದರಿಗಳ ಅಂಕಿಗಳನ್ನು ಪರಸ್ಪರ ಹೋಲಿಸಲೂ ಬಾರದು. ಅಂಕಿ ನೋಡಿದ ಮೇಲೆ, ಟೋಕನ್ ಆಯ್ಕೆಯಲ್ಲಿ ಆಕಸ್ಮಿಕಕ್ಕೆ ಎಡೆ ಕೊಡುವ ಟೆಂಪರೇಚರ್ ಎಂಬ ಬೆಲೆಯನ್ನು ಸೊನ್ನೆಗಿಟ್ಟು 8 ಬಿಟ್‌ನ ಫೈಲಿಗೂ 4 ಬಿಟ್‌ನ ಫೈಲಿಗೂ ಒಂದೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ, ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿ. ವಿಭಕ್ತಿ ಎಲ್ಲಿ ತಪ್ಪಿತು, 'ಅವರು ಬಂದನು' ಎಂಬಂಥ ಹೊಂದಿಕೆಯ ದೋಷ ಎಲ್ಲಿ ನುಸುಳಿತು, ಒತ್ತಕ್ಷರ ಎಲ್ಲಿ ಕಳಚಿತು, ಎಷ್ಟನೇ ವಾಕ್ಯದಿಂದ ಕನ್ನಡ ಬಿಟ್ಟು ಇಂಗ್ಲಿಷಿಗೆ ಜಾರಿತು ಎಂದು ಗುರುತು ಹಾಕುತ್ತಾ ಹೋಗಿ. ಕೊಹಿಯರ್‌ನವರು ಜಪಾನಿ ಓದುಗರಿಂದ ಮಾಡಿಸಿದ ಈ ಕೆಲಸಕ್ಕೆ ಕನ್ನಡ ಚೆನ್ನಾಗಿ ಓದಬಲ್ಲ ಒಬ್ಬರು, 8 ಜಿಬಿಯ ಒಂದು ಲ್ಯಾಪ್‌ಟಾಪು ಇದ್ದರೆ ಸಾಕು.